ತಲೆ ತಿರುಗಿಸಿದ ಜಿಂಕೆ

ಚಿತ್ರಕಾರ ವೃಷಭೇಂದ್ರಪ್ಪನವರು ಚಾಮರಾಜಪೇಟೆಯ ತಮ್ಮ ಮನೆಯ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದರು. ತಲೆಯ ಹಿಂಭಾಗ ಒಡೆದಿತ್ತು. ಸಂಜೆ ದೇವಸ್ಥಾನದಿಂದ ಬಂದ ಹೆಂಡತಿ ಸರ್ವಮಂಗಳಮ್ಮನೇ ಮೊದಲು ನೋಡಿದ್ದು.

ಕಾಲು ಜಾರಿರಬೇಕು ಎಂದರು ಅಕ್ಕಪಕ್ಕದವರು. ಸಬ್ ಇನ್‌ಸ್ಪೆಕ್ಟರ್ ಶಿವರಂಜಿನಿಯೂ ಹಾಗೇ ಬರೆದುಕೊಳ್ಳುತ್ತಿದ್ದಳು. ಆಗ ಸರ್ವಮಂಗಳಮ್ಮ ಅವಳ ಕೈ ಹಿಡಿದರು.

"ಮೇಲೆ ಬನ್ನಿ. ಜಿಂಕೆ ತಲೆ ತಿರುಗಿಸಿದೆ."

ಮೇಲಿನ ಕೋಣೆಯ ಗೋಡೆಯಲ್ಲಿ ಜಲವರ್ಣದ ಬೇಟೆಯ ಚಿತ್ರ. ಮುತ್ತಾತನ ಕಾಲದ್ದು. ಕುದುರೆಯ ಮೇಲೆ ಈಟಿ ಎತ್ತಿದ ರಾಜ, ನಾಲಗೆ ಚಾಚಿದ ನಾಯಿಗಳು, ಕೆರೆಯಂಚಿನಲ್ಲಿ ಸಿಕ್ಕಿಬಿದ್ದ ಒಂದೇ ಒಂದು ಜಿಂಕೆ. ಅದು ನೇರವಾಗಿ ಶಿವರಂಜಿನಿಯನ್ನೇ ನೋಡುತ್ತಿತ್ತು. ಎಡಕ್ಕೆ ಸರಿದಳು. ಕಣ್ಣು ಹಿಂದೆಯೇ ಬಂತು.

"ಮಧ್ಯಾಹ್ನದವರೆಗೂ ಆ ರಾಜನ ಕಡೆ ನೋಡ್ತಿತ್ತಮ್ಮಾ. ನಲವತ್ತು ವರ್ಷದಿಂದ ದಿನಾ ಧೂಳು ಒರೆಸಿದೀನಿ. ನಂಗೆ ಗೊತ್ತಾಗಲ್ವಾ?"

ದುಃಖದಲ್ಲಿ ಏನೇನೋ ಕಾಣುತ್ತದೆ ಎಂದುಕೊಂಡು ಶಿವರಂಜಿನಿ ಹೊರಟಳು. ಆದರೆ ಆ ಕಣ್ಣು ಅವಳನ್ನು ಬಿಡಲಿಲ್ಲ. ಮರುದಿನ ಬೆಳಗಿನ ಕಾಫಿಯ ಮುಂದೆಯೂ ಅದೇ ಕಣ್ಣು.

ತಿರುಗಿದ್ದು ಜಿಂಕೆಯಲ್ಲ, ಬದಲಾದದ್ದು ಚಿತ್ರವೇ ಆಗಿದ್ದರೆ?

*

ಅಂಥ ನಕಲು ಬರೆಯಬಲ್ಲವಳು ಒಬ್ಬಳೇ. ವೃಷಭೇಂದ್ರಪ್ಪನವರ ಬಳಿ ಏಳು ವರ್ಷದಿಂದ ಕಲಿಯುತ್ತಿದ್ದ ಶಿಷ್ಯೆ ಆರಾಧನಾ. ಕೇಳಿದ ಕೂಡಲೇ ಅತ್ತಳು.

"ಬರೆದಿದ್ದು ನಾನೇ ಮೇಡಂ. ಫ್ರೇಮ್ ಅಂಗಡಿ ಚಿದಂಬರ ಅವರು ಕೇಳಿದ್ರು. ಹೋದ ವಾರ ಕೊಟ್ಟೆ. ಮೇಷ್ಟ್ರಿಗೆ ಹೇಳಿರ್ಲಿಲ್ಲ."

"ಜಿಂಕೆ ಯಾಕೆ ತಿರುಗಿದೆ?"

"ಕೊಲ್ಲೋನ ಮುಖಾನೇ ನೋಡ್ಕೊಂಡು ಸಾಯೋದು... ನನ್ ಕೈಲಿ ಬರೆಯೋಕಾಗ್ಲಿಲ್ಲ."

"ನಿನ್ನೆ ಮಧ್ಯಾಹ್ನ ಎಲ್ಲಿದ್ದೆಮ್ಮಾ?"

"ಮನೇಲಿ. ಒಬ್ಬಳೇ."

ಸಾಕ್ಷಿಯಿಲ್ಲ. ಪಕ್ಕದಲ್ಲಿದ್ದ ಕಾನ್‌ಸ್ಟೇಬಲ್ ಇವಳೇ ಎಂಬಂತೆ ತಲೆಯಾಡಿಸಿದ.

*

ಚಿಕ್ಕಪೇಟೆಯ ಅಂಗಡಿಯಲ್ಲಿ ಚಿದಂಬರ ಗಾಜು ಕತ್ತರಿಸುತ್ತಿದ್ದ.

"ನಕಲಾ? ನಾನ್ಯಾವ ನಕಲೂ ಬರೆಸಿಲ್ಲ ಮೇಡಂ. ಅವರ ಮನೆಗೆ ಹೋಗೇ ಆರು ತಿಂಗಳಾಯ್ತು."

"ಹಳೇ ಬೇಟೆ ಚಿತ್ರ ನೆನಪಿದ್ಯಾ?"

"ಇಲ್ದೆ ಏನು? ಆ ಜಿಂಕೆ ನಮ್ಮನ್ನೇ ನೋಡ್ತಿರುತ್ತೆ. ಯಾವ ಮೂಲೇಲಿ ನಿಂತ್ರೂ ಬಿಡಲ್ಲ."

ಶಿವರಂಜಿನಿ ಎದ್ದು ನಿಂತಳು.

"ಹಳೇ ಚಿತ್ರದ ಜಿಂಕೆ ರಾಜನ್ನ ನೋಡುತ್ತೆ ಚಿದಂಬರ. ನಮ್ಮನ್ನ ನೋಡೋದು ನಕಲಿನ ಜಿಂಕೆ. ಅದು ಗೋಡೆಗೆ ಬಂದಿದ್ದೇ ನಿನ್ನೆ. ಹಳೇದ್ರಲ್ಲಿ ನೀವು ಅಂಚಿನ ಅಳತೆ ಸರಿಯಿದ್ಯಾ ಅಂತ ಮಾತ್ರ ನೋಡಿದ್ರಿ, ಜಿಂಕೇನ ನೋಡ್ಲಿಲ್ಲ."

ಗಾಜಿನ ಹಾಳೆಗಳ ಹಿಂದೆ, ಹಳೆಯ ಸೀರೆಯಲ್ಲಿ ಸುತ್ತಿದ್ದ ಮೂಲ ಚಿತ್ರ ಸಿಕ್ಕಿತು. ಚಿದಂಬರ ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟ.

"ಗಿರಾಕಿ ಸಿಕ್ಕಿದ್ದ. ಅಮ್ಮಾವ್ರು ದೇವಸ್ಥಾನಕ್ಕೆ ಹೋದಾಗ ಹಿತ್ತಿಲಿಂದ ಹೋಗಿ ಬದಲಾಯಿಸ್ದೆ. ಮೇಷ್ಟ್ರು ಮಲಗಿದ್ದೋರು ಎದ್ದು ಮೇಲೆ ಬಂದ್ಬಿಟ್ರು. ಒಂದೇ ನೋಟಕ್ಕೆ ಗೊತ್ತಾಯ್ತು."

"ಬೈದ್ರಾ?"

"ಇಲ್ಲ. ಚಿತ್ರದ ಹತ್ರ ಹೋಗಿ ನೋಡಿದ್ರು. 'ನನಗಿಂತ ಚೆನ್ನಾಗಿ ಬರ್ದಿದಾರೆ. ಯಾರೋ ಇದು?' ಅಂದ್ರು. ಹೇಳಿದ್ರೆ ಎಲ್ಲಾ ಹೊರಗೆ ಬರ್ತಿತ್ತು. ಮೆಟ್ಟಿಲಿಗೆ ಅಡ್ಡ ನಿಂತು, ಹೆಸರು ಹೇಳೋ, ಹೆಸರು ಹೇಳೋ ಅಂತಾನೇ ಇದ್ರು... ತಳ್ಳಿಬಿಟ್ಟೆ."

*

ಹೇಳಿಕೆಗೆ ಸಹಿ ಹಾಕಲು ಆರಾಧನಾ ಠಾಣೆಗೆ ಬಂದಳು. ಮೇಷ್ಟ್ರ ಕೊನೆಯ ಮಾತನ್ನು ಹೇಳಲೋ ಬೇಡವೋ ಎಂದು ಶಿವರಂಜಿನಿ ಬಹಳ ಹೊತ್ತು ಯೋಚಿಸಿದಳು. ಕೊನೆಗೆ ಹೇಳಿದಳು.

ಈ ಸಲ ಹುಡುಗಿ ಅಳಲಿಲ್ಲ.

"ಏಳು ವರ್ಷದಲ್ಲಿ ಒಂದ್ಸಲಾನೂ ಚೆನ್ನಾಗಿದೆ ಅಂದಿರ್ಲಿಲ್ಲ ಮೇಡಂ," ಎಂದಳು.