ಏಳು ಜಾಡಿ ಬೂಷ್ಟು

ನಮ್ಮ ಆಸ್ಪತ್ರೆಯ ಲ್ಯಾಬಿನ ಕಿಟಕಿಗೆ ಜಾಡಿ ಹಿಡಿದು ಬರುವವರು ನಾಚಿಕೆಯಿಂದ ತಲೆ ಎತ್ತುವುದಿಲ್ಲ. ಮರ್ಯಾದೆಗೆ ನಾನೂ ಅವರ ಮುಖ ನೋಡುವುದಿಲ್ಲ. ಜಾಡಿಯನ್ನಷ್ಟೇ ನೋಡಿ, ಕೇಳಬೇಕಾದ್ದನ್ನು ಕೇಳಿ, ಚೀಟಿ ಅಂಟಿಸಿ ಕಳಿಸುತ್ತೇನೆ. ಹತ್ತು ವರ್ಷದ ರೂಢಿ.

ಅವತ್ತೂ ಹಾಗೇ ಕೇಳಿದೆ. "ಎಷ್ಟು ದಿನದಿಂದ ಹೊಟ್ಟೆ ಸರಿಯಿಲ್ಲ?"

"ನನ್ನ ಹೊಟ್ಟೆ ಚೆನ್ನಾಗೇ ಇದೆಯಲ್ಲ!"

"ಮತ್ತೆ ಇದು ಯಾರದ್ದು?"

"ಬ್ರೆಡ್ಡಿಂದು," ಅಂದಿತು ಧ್ವನಿ.

ತಲೆ ಎತ್ತಿದೆ. ಬಿಸಿಲಿಗೆ ಸಿಪ್ಪೆ ಎದ್ದ ಮೂಗು, ವಾರದ ಗಡ್ಡ, ನಗು ತಡೆದುಕೊಂಡು ಒದ್ದಾಡುತ್ತಿರುವ ಎರಡು ಕಣ್ಣು. ಜಾಡಿಯೊಳಗೆ ನಿಜಕ್ಕೂ ಬ್ರೆಡ್ಡೇ ಇತ್ತು. ಅದರ ಮೇಲೆ ನೀಲಿ ಹಸಿರು ಬೂಷ್ಟು ಸೊಂಪಾಗಿ ಬೆಳೆದಿತ್ತು. ನನ್ನ ಕಿವಿ ಬಿಸಿಯಾಯಿತು.

"ತಿನ್ನೋ ಪದಾರ್ಥ ಹಾಳಾದ್ರೆ ಕಸದ ಬುಟ್ಟಿಗೆ ಹಾಕ್ತಾರೆ. ಲ್ಯಾಬಿಗೆ ತರಲ್ಲ."

"ಇದು ಹಾಳಾಗಿಲ್ಲ ಮೇಡಂ. ನಾನೇ ಸಾಕಿದ್ದು," ಅಂದ ಹೆಮ್ಮೆಯಿಂದ.

ಅವನು ಬೆಟ್ಟದ ಮೇಲಿನ ಕಣಿವೆದಾರಿಯ ತಂಗುಮನೆ ನೋಡಿಕೊಳ್ಳುವವನು. ಚಾರಣಿಗರಿಗೆ, ದಾರಿಹೋಕರಿಗೆ ಒಂದು ಒಲೆ, ಹತ್ತು ಹಾಸಿಗೆ. ಹಿಮ ಬಿದ್ದರೆ ಮೂರು ತಿಂಗಳು ದಾರಿ ಬಂದ್. ಅವನ ಅಪ್ಪನೂ ಅದೇ ಕೆಲಸ ಮಾಡುತ್ತಿದ್ದವರು. ಒಂದು ಚಳಿಗಾಲ ಕೊಡಲಿ ತಾಗಿ ಆದ ಸಣ್ಣ ಗಾಯ ಕೀವಾಗಿ, ಔಷಧ ಸಿಗದೆ, ದಾರಿ ತೆರೆಯುವಷ್ಟರಲ್ಲಿ ಕಾಲೇ ಹೋಯಿತು.

"ಅದಕ್ಕೇ ಆಂಟಿಬಯೋಟಿಕ್ ಬೇಕು. ಮೆಡಿಕಲ್ ಶಾಪಿನವರು ಚೀಟಿ ಕೇಳ್ತಾರೆ. ಡಾಕ್ಟರಮ್ಮ ರೋಗಿ ಎಲ್ಲಿ ಅಂತಾರೆ. ರೋಗಿ ಹಿಮ ಬಿದ್ದ ಮೇಲೆ ಬರ್ತಾನೆ, ಈಗಲೇ ಎಲ್ಲಿಂದ ತರ್ಲಿ? ಸರಿ, ನಾನೇ ಮಾಡ್ಕೊಳ್ಳೋಣ ಅಂತ."

"ಪೆನಿಸಿಲಿನ್? ನೀವು? ಅಡುಗೆಮನೇಲಿ?"

"ಮೊದಲು ಸಿಕ್ಕಿದ್ದೂ ಬೂಷ್ಟಿನಿಂದಲೇ ಅಲ್ವಾ?"

"ಸಿಕ್ಕಿದ್ರೂ ನಾನಂತೂ ಮುಟ್ಟಲ್ಲ. ಚಿಕ್ಕವಳಿದ್ದಾಗ ಪೆನಿಸಿಲಿನ್ ಕೊಟ್ಟು ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿ, ಸತ್ತು ಬದುಕಿದವಳು ನಾನು."

ಅವನ ನಗು ಸರ್ರನೆ ಇಳಿಯಿತು. ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಏನೋ ಗೀಚಿಕೊಂಡ.

"ಏನು ಬರ್ಕೊಂಡ್ರಿ?"

"ಮರೀಬಾರದ್ದು," ಅಂದ. ಅಷ್ಟೇ.

ಜಾಡಿ ಇಟ್ಟುಕೊಂಡೆ. ಪರೀಕ್ಷೆ ಸುಲಭದ್ದು. ಗಾಜಿನ ತಟ್ಟೆಯಲ್ಲಿ ರೋಗಾಣು ಹರಡಿ, ನಡುವೆ ಬೂಷ್ಟು ಇಡುವುದು. ಬೂಷ್ಟಿಗೆ ಕೊಲ್ಲುವ ತಾಕತ್ತಿದ್ದರೆ ಸುತ್ತಲಿನ ರೋಗಾಣು ಸತ್ತು ಒಂದು ಖಾಲಿ ವೃತ್ತ ಬೀಳುತ್ತದೆ. ಎರಡು ದಿನ ಬಿಟ್ಟು ನೋಡಿದರೆ ವೃತ್ತವೂ ಇಲ್ಲ, ಗಿತ್ತವೂ ಇಲ್ಲ. ರೋಗಾಣುಗಳು ಬೂಷ್ಟಿನ ಬುಡದವರೆಗೂ ಆರಾಮಾಗಿ ಸಂಸಾರ ಹೂಡಿದ್ದವು.

ಅವತ್ತೇ ಹೇಳಬೇಕಿತ್ತು. ವೃತ್ತ ಬಿದ್ದರೂ ಪ್ರಯೋಜನವಿಲ್ಲ, ಅದರಲ್ಲಿ ಔಷಧ ಎಷ್ಟು, ವಿಷ ಎಷ್ಟು ಅಂತ ಅಡುಗೆಮನೆಯಲ್ಲಿ ಅಳೆಯಲು ಆಗುವುದಿಲ್ಲ, ಇದು ಆಗಹೋಗದ ಕೆಲಸ ಮಹಾರಾಯ ಅಂತ. ಕಡ್ಡಿ ತುಂಡು ಮಾಡಿದ ಹಾಗೆ ಮಾತಾಡುತ್ತೇನೆ ಅಂತಲೇ ಡಾಕ್ಟರಮ್ಮ ನನ್ನನ್ನು ಮೆಣಸಿನಕಾಯಿ ಅಂತ ಕರೆಯುವುದು. ಆದರೆ ರಿಪೋರ್ಟ್ ಕೇಳಲು ಬಂದವನು ಕಿಟಕಿಯ ಕಟ್ಟೆಗೆ ಗದ್ದ ಊರಿ, "ಏನಾಯ್ತು?" ಅಂತ ಕಣ್ಣರಳಿಸಿದ. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

"ಇನ್ನೊಂದು ಜಾಡಿ ತನ್ನಿ," ಅಂದುಬಿಟ್ಟೆ.

ಅಲ್ಲಿಂದ ಶುರು. ಪ್ರತಿ ಬುಧವಾರ ಹನ್ನೊಂದಕ್ಕೆ ಒಂದು ಜಾಡಿ. ಕಿತ್ತಳೆ ಹಣ್ಣಿನ ಬೂಷ್ಟು, ಹಳೇ ಬೂಟಿನ ಬೂಷ್ಟು, ಅವರಮ್ಮ ಎಸೆಯಲು ಇಟ್ಟಿದ್ದ ಕುಂಬಳಕಾಯಿಯ ಬೂಷ್ಟು. ಮಂಗಳವಾರ ಸಂಜೆಯೇ ನಾನು ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡತೊಡಗಿದೆ. ಬೂಷ್ಟಿಗಾಗಿ ಯಾರಾದರೂ ಸಿಂಗಾರ ಮಾಡಿಕೊಳ್ಳುತ್ತಾರೆಯೇ? ನಾನು ಮಾಡಿಕೊಂಡೆ.

ಬಂದವನು ಸುಮ್ಮನೆ ಹೋಗುತ್ತಿರಲಿಲ್ಲ. ಪ್ರಶ್ನೆ ಕೇಳಿ ಕೇಳಿ ತಲೆ ತಿನ್ನುತ್ತಿದ್ದ. ನಾನೂ ಕೊರೆದೆ. ನೆಗಡಿಗೆ ಈ ಮಾತ್ರೆ ಯಾಕೆ ಕೊಡಬಾರದು, ಹುಷಾರಾದರೂ ಯಾಕೆ ನಡುವೆ ನಿಲ್ಲಿಸಬಾರದು, ಯಾವ ಗಾಯಕ್ಕೆ ತೊಳೆದರೆ ಸಾಕು, ಯಾವುದಕ್ಕೆ ಸಾಲದು. ಎಲ್ಲವೂ ನೋಟ್‌ಬುಕ್ಕಿಗೆ ಹೋಗುತ್ತಿತ್ತು.

"ಗಾಯದ ಕೆಂಪು ಹರಡ್ತಾ ಇದೆಯಾ ಇಲ್ವಾ ಅಂತ ಹೇಗೆ ಗೊತ್ತಾಗುತ್ತೆ?" ಅಂದ ನಾಲ್ಕನೇ ಬುಧವಾರ.

"ಕೈ ಕೊಡಿ."

ಕೊಟ್ಟ. ಮೊಣಕೈ ಹತ್ತಿರ ಸೊಳ್ಳೆ ಕಚ್ಚಿದ ಕೆಂಪು ಇತ್ತು. ಅದರ ಅಂಚಿಗೆ ಪೆನ್ನಿನಿಂದ ಮೆಲ್ಲಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆದೆ. "ಕೆಂಪು ಈ ಗೆರೆ ದಾಟಿದ್ರೆ ಹರಡ್ತಿದೆ ಅಂತ. ಒಳಗೆ ಸರಿದ್ರೆ ವಾಸಿಯಾಗ್ತಿದೆ ಅಂತ."

"ಸೊಳ್ಳೆ ಕಡಿತಕ್ಕೂ ಗಂಟೆ ಬರೀಬೇಕಾ?"

"ಪಾಠ ಪಾಠವೇ."

ಗೆರೆ ಎಳೆದು ಮುಗಿದ ಮೇಲೂ ಅವನು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನೂ ಬಿಡಲಿಲ್ಲ. ಹಿಂದೆ ನಿಂತಿದ್ದ ರೋಗಿ ಕೆಮ್ಮಿದ ಮೇಲೆ ಇಬ್ಬರೂ ಬೆಚ್ಚಿದೆವು. ಮುಂದಿನ ವಾರ ಬಂದಾಗ ಸೊಳ್ಳೆ ಕಡಿತ ಮಾಯವಾಗಿತ್ತು, ಗೆರೆ ಮಾತ್ರ ಹಾಗೇ ಇತ್ತು.

"ಸ್ನಾನ ಮಾಡಿಲ್ವಾ ವಾರದಿಂದ?"

"ಆ ಕೈ ಬಿಟ್ಟು ಮಾಡಿದೆ," ಅಂದ ಮಹಾಶಯ.

ಏಳನೇ ಬುಧವಾರ ಅವನು ಬರಲಿಲ್ಲ. ಅರವತ್ತು ದಾಟಿದ ಹೆಂಗಸೊಬ್ಬರು ಜಾಡಿಯನ್ನು ಮಗುವಿನಂತೆ ಎದೆಗವಚಿಕೊಂಡು ಬಂದರು.

"ಬೂಷ್ಟಿನ ಹುಡುಗಿ ನೀನೇನಾ?"

ಅಯ್ಯೋ, ಮನೆಯಲ್ಲಿ ನನಗೆ ಈ ಹೆಸರೇ! "ಹೌದಮ್ಮ," ಅಂದೆ.

"ಮೋಡ ನೋಡಿ ಹೆದರ್ಕೊಂಡು ಮುಂಚೆನೇ ಮೇಲೆ ಹೋದ. ನನ್ನ ಅಡುಗೆಮನೆ ನೋಡಿದ್ರೆ ನೀನು ಅತ್ತುಬಿಡ್ತೀಯ, ಒಂದು ಡಬ್ಬಿ ನೆಟ್ಟಗಿಲ್ಲ. ಹೋಗ್ಲಿ ಬಿಡು. ಹುಡುಗಿ ಇನ್ನೊಂದು ತನ್ನಿ ಅಂದಿದಾಳೆ, ಅಂದ್ರೆ ಏನೋ ಭರವಸೆ ಇರಬೇಕು ಅಂತ ಕುಣೀತಿದಾನೆ." ಆಮೇಲೆ ದನಿ ಇಳಿಸಿದರು. "ಅವನ ಅಪ್ಪನ ಕಾಲು ಕತ್ತರಿಸಿದ ದಿನ ನಾನು ಅಲ್ಲೇ ಇದ್ದೆ ಮಗಳೇ. ಇದು ಕೆಲಸ ಮಾಡುತ್ತೆ ಅಲ್ವಾ?"

ನನಗೆ ಬುಧವಾರದ ಹನ್ನೊಂದು ಗಂಟೆ ಬೇಕಿತ್ತು. ಅದಕ್ಕಾಗಿ ಈ ಮನೆಯವರಿಗೆ ಆರು ವಾರ ಸುಳ್ಳು ಭರವಸೆ ಉಣ್ಣಿಸಿದ್ದೆ. ಹಿಮ ಬೀಳಲು ಹತ್ತು ದಿನವೂ ಇರಲಿಲ್ಲ. ಅಲ್ಲಿ ಒಂದೇ ಒಂದು ಮಾತ್ರೆ ಇರಲಿಲ್ಲ.

ಮೆಟ್ಟಿಲು ಹತ್ತಿ ಆಸ್ಪತ್ರೆಯ ವೈರ್‌ಲೆಸ್ ಕೋಣೆಗೆ ಓಡಿದೆ. ಅವನ ದನಿ ಸಿಕ್ಕ ಕೂಡಲೇ, ಉಸಿರು ಬಿಡದೆ ಹೇಳಿದೆ: "ಒಂದು ಜಾಡಿಯೂ ಕೆಲಸಕ್ಕೆ ಬರಲ್ಲ. ಇನ್ನು ನೂರು ತಂದ್ರೂ ಬರಲ್ಲ. ಮೊದಲನೇ ದಿನವೇ ಗೊತ್ತಿತ್ತು. ನೀವು ಬರ್ತಾ ಇರ್ಲಿ ಅಂತ ಹೇಳ್ಲಿಲ್ಲ. ತಪ್ಪಾಯ್ತು. ಓವರ್."

ಬರೀ ಗರಗರ ಸದ್ದು. ಆಮೇಲೆ ಒಂದೇ ಮಾತು. "ಕೇಳಿಸ್ತು. ಓವರ್."

ಆ ಚಾನೆಲ್ಲಿನಲ್ಲಿ ಬೆಟ್ಟದ ಐದೂ ತಂಗುಮನೆಗಳ ಕಿವಿ ಇರುತ್ತದೆ ಅಂತ ನನಗೆ ಗೊತ್ತಾದದ್ದು ಆಮೇಲೆ. ಮಾನ ಹೋದದ್ದಕ್ಕೆ ಅಳಲಿಲ್ಲ. ಅವನು ಬೈಯಲಿಲ್ಲವಲ್ಲ, ಅದಕ್ಕೆ ಅತ್ತೆ.

ಅತ್ತು ಮುಖ ತೊಳೆದು ನೇರ ಡಾಕ್ಟರಮ್ಮನ ಟೇಬಲ್ಲಿನ ಮುಂದೆ ನಿಂತೆ. "ಆ ತಂಗುಮನೆಗೆ ಮಾತ್ರೆ ಪೆಟ್ಟಿಗೆ ಬೇಕು. ಕೊಡೋವರೆಗೂ ಕದಲಲ್ಲ."

"ಕೈಗೆ ಸಿಕ್ಕವರಿಗೆಲ್ಲ ಹಂಚೋಕೆ ಅದೇನು ಪೆಪ್ಪರ್‌ಮೆಂಟಾ?"

"ಸೀಲ್ ಮಾಡಿ ಕೊಡಿ. ನೀವು ವೈರ್‌ಲೆಸ್ಸಿನಲ್ಲಿ ಹೂಂ ಅಂದಮೇಲೇ ತೆಗೀಲಿ. ಒಂದೊಂದು ಮಾತ್ರೆಗೂ ನಾನು ಸಹಿ ಹಾಕ್ತೀನಿ. ನಾನೇ ಹೊತ್ಕೊಂಡು ಹೋಗಿ ಒಪ್ಪಿಸ್ತೀನಿ."

"ಮೂರು ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡ್ತೀಯ, ನೀನು ಬೆಟ್ಟ ಹತ್ತೋದಾ?" ಡಾಕ್ಟರಮ್ಮ ಕನ್ನಡಕ ಕೆಳಗಿಳಿಸಿ ನನ್ನನ್ನು ಚೆನ್ನಾಗಿ ನೋಡಿದರು. "ಅಲ್ಲಿರೋನಿಗೆ ಏನು ಗೊತ್ತಿದೆ ಅಂತ ಅವನ ಕೈಗೆ ಕೊಡ್ಲಿ? ನಡಿ, ಅದನ್ನೇ ಕೇಳೋಣ."

ವೈರ್‌ಲೆಸ್ ಕೋಣೆಯಲ್ಲಿ ಪರೀಕ್ಷೆ ಶುರುವಾಯಿತು. ನಾನು ಬಾಗಿಲಿಗೆ ಒರಗಿ ಸೆರಗು ಕಚ್ಚಿಕೊಂಡು ನಿಂತೆ.

"ನೆಗಡಿ, ಮೈಕೈ ನೋವು, ಜ್ವರ. ಮಾತ್ರೆ ಕೊಡ್ತೀಯಾ?"

"ಕೊಡಲ್ಲ. ನೆಗಡಿಗೆ ಇದು ಕೆಲಸ ಮಾಡಲ್ಲ. ಓವರ್."

"ಗಾಯದ ಸುತ್ತ ಕೆಂಪಾಗಿದೆ."

"ಅಂಚಿಗೆ ಪೆನ್ನಿನ ಗೆರೆ ಹಾಕಿ ಗಂಟೆ ಬರೀತೀನಿ. ಗೆರೆ ದಾಟಿದ್ರೆ ಅಥವಾ ಜ್ವರ ಬಂದ್ರೆ ನಿಮ್ಮನ್ನ ಕರೀತೀನಿ."

"ಎರಡೇ ದಿನಕ್ಕೆ ಎದ್ದು ಓಡಾಡ್ತಾನೆ. ನಿಲ್ಲಿಸ್ತೀಯಾ?"

"ಇಲ್ಲ. ನೀವು ಹೇಳಿದಷ್ಟೂ ದಿನ ನುಂಗಿಸ್ತೀನಿ. ಮೈಮೇಲೆ ಕೂತ್ಕೊಂಡಾದ್ರೂ."

ಡಾಕ್ಟರಮ್ಮ ಹುಬ್ಬೇರಿಸಿ ನನ್ನ ಕಡೆ ತಿರುಗಿದರು. ನನ್ನ ಆರು ವಾರದ ಕಳ್ಳ ಬುಧವಾರಗಳು ಒಂದೊಂದಾಗಿ ಅವನ ಬಾಯಿಂದ ಹೊರಗೆ ಬರುತ್ತಿದ್ದವು. ಒಂದಕ್ಷರ ತಪ್ಪಿರಲಿಲ್ಲ.

"ಕೊನೇ ಪ್ರಶ್ನೆ. ಮೊದಲ ಮಾತ್ರೆಗೆ ಮುಂಚೆ ಏನು ಮಾಡ್ತೀಯ?"

"ಹಿಂದೆ ಯಾವ ಮಾತ್ರೆಗಾದ್ರೂ ದದ್ದು ಎದ್ದಿತ್ತಾ, ಉಸಿರು ಕಟ್ಟಿತ್ತಾ ಅಂತ ಕೇಳ್ತೀನಿ. ಅದಕ್ಕೇ ಡಾಕ್ಟರಮ್ಮ, ಪೆಟ್ಟಿಗೇಲಿ ಎರಡು ಥರ ಬೇಕು. ಪೆನಿಸಿಲಿನ್ ಆಗದವರಿಗೆ ಬೇರೆ."

"ಅಂಥವರು ಯಾರಾದ್ರೂ ಅಲ್ಲಿಗೆ ಬರೋರು ಇದಾರಾ?"

ಗರಗರ ಸದ್ದು. "ಬರ್ತಾರೋ ಇಲ್ವೋ ಗೊತ್ತಿಲ್ಲ. ಒಬ್ಬರು ಇದಾರೆ ಅಂತ ಗೊತ್ತು. ಓವರ್."

ಐದು ತಂಗುಮನೆಗಳಲ್ಲಿ ಯಾರೋ ಒಬ್ಬರು ಸಿಳ್ಳೆ ಹೊಡೆದದ್ದು ನಮಗೂ ಕೇಳಿಸಿತು. "ಪಾಸ್," ಅಂದರು ಡಾಕ್ಟರಮ್ಮ, ಮುಖ ಗಂಟಿಕ್ಕಿಕೊಂಡೇ. "ಮೇಲಿನವರ ಹತ್ರ ಇವತ್ತೇ ಒಪ್ಪಿಗೆ ತಗೋತೀನಿ. ಮೆಣಸಿನಕಾಯಿ, ಬೂಟು ಕೊಂಡ್ಕೋ."

ದಾರಿ ತೋರಿಸಲು ಅವರಮ್ಮನೇ ಬಂದರು. ಅವರು ಮುಂದೆ ಆಡಿನಂತೆ ಹತ್ತಿದರು, ಹಿಂದೆ ನಾನು ಪೆಟ್ಟಿಗೆ ಬೆನ್ನಿಗೆ ಕಟ್ಟಿಕೊಂಡು ಬುಸುಗುಟ್ಟುತ್ತಾ ಬಿದ್ದೂ ಎದ್ದೂ ಹತ್ತಿದೆ. ಬಿದ್ದದ್ದು ಬರೀ ಮಾತಿಗಲ್ಲ. ಜಲ್ಲಿಯ ಇಳಿಜಾರಿನಲ್ಲಿ ಜಾರಿ ಮೊಣಕಾಲ ಕೆಳಗೆ ಚರ್ಮ ಕಿತ್ತುಬಂತು. ಲ್ಯಾಬಿನವಳು ಬಿದ್ದಳು ಅನ್ನಿಸಿಕೊಳ್ಳುವುದೇಕೆ ಅಂತ ಒಂದಿಷ್ಟು ನೀರು ಹಾಕಿ ಮುಚ್ಚಿಟ್ಟೆ. ಪಾಠ ಹೇಳುವವಳ ಬುದ್ಧಿ ನೋಡಿ!

ಅವನು ಬಾಗಿಲಲ್ಲೇ ಪೆಟ್ಟಿಗೆ ಇಳಿಸಿಕೊಂಡ. ಸಹಿ ಹಾಕಿದ. "ಬಿಸಿನೀರು ಇದೆ," ಅಂದ. ಕಣ್ಣು ಮಾತ್ರ ಎತ್ತಲಿಲ್ಲ. ನಮ್ಮ ಕಿಟಕಿಗೆ ಜಾಡಿ ತರುವವರು ನಾಚಿ ನಿಲ್ಲುವ ಹಾಗೆ ಈಗ ನಾನು ನಿಂತಿದ್ದೆ.

ಮಾರನೇ ದಿನ ಇಳಿಯಬೇಕಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಬಿಳಿ ಗೋಡೆ. ಹಿಮ ಹೇಳದೆ ಕೇಳದೆ ಬಂದುಬಿಟ್ಟಿತ್ತು. ಈ ಮೊದಲ ಹಿಮ ಕರಗಿದರೂ ಹತ್ತು ದಿನ ಇಳಿಯುವ ಮಾತಿಲ್ಲ ಅಂದರು ಅಮ್ಮ. ಮಧ್ಯಾಹ್ನದ ಹೊತ್ತಿಗೆ ನನಗೆ ನಡುಕ ಶುರುವಾಯಿತು. ಅಮ್ಮ ಹಣೆ ಮುಟ್ಟಿ, ಕಾಲಿನ ಬಟ್ಟೆ ಸರಿಸಿ, "ಅಯ್ಯೋ ಮಗಳೇ!" ಅಂದರು. ಗಾಯದ ಸುತ್ತ ಅಂಗೈ ಅಗಲ ಕೆಂಪು, ಮುಟ್ಟಿದರೆ ಬೆಂಕಿ.

ಅವನ ಮುಖ ಬಿಳುಚಿತು. ಗಾಯ ತೊಳೆದ. ಪೆನ್ನು ತೆಗೆದು ಕೆಂಪಿನ ಅಂಚಿನುದ್ದಕ್ಕೂ ಗೆರೆ ಎಳೆದು ಗಂಟೆ ಬರೆದ. ಸಂಜೆಗೆ ಕೆಂಪು ಗೆರೆ ದಾಟಿ ಒಂದು ಬೆರಳು ಮುಂದೆ ಬಂದಿತ್ತು. ವೈರ್‌ಲೆಸ್ಸಿನಲ್ಲಿ ಡಾಕ್ಟರಮ್ಮ ಹೂಂ ಅಂದರು. ಅವನು ದಾಟಿದ ಕಡೆ ಇನ್ನೊಂದು ಗೆರೆ ಎಳೆದು, ಸೀಲ್ ಒಡೆದು, ನನ್ನ ಮುಂದೆ ಮಂಡಿಯೂರಿ ಕೂತ.

"ಹಿಂದೆ ಯಾವ ಮಾತ್ರೆಗಾದ್ರೂ ದದ್ದು ಎದ್ದಿತ್ತಾ?"

"ನಿಮಗೆ ಗೊತ್ತಿದೆಯಲ್ಲ!"

"ನಿಯಮ. ಕೇಳಲೇಬೇಕು."

"ಎದ್ದಿತ್ತು. ಪೆನಿಸಿಲಿನ್‌ಗೆ."

"ಉಸಿರು ಕಟ್ಟಿತ್ತಾ?"

"ಕಟ್ಟಿತ್ತು. ಆಮೇಲೆ ನಾಲ್ಕನೇ ಬುಧವಾರವೂ ಕಟ್ಟಿತ್ತು."

"ಕೇಳಿದ್ದು ಸಾಕು, ಮೊದಲು ಮಾತ್ರೆ ಕೊಡೋ!" ಅಂತ ಅಮ್ಮ ಗದರಿದರು. ಅವನು ನೀಲಿ ಪೊಟ್ಟಣ ತೆಗೆದ. ಅದನ್ನು ಅವನೇ ಕೇಳಿ ಹಾಕಿಸಿದ್ದು. ಅದಿಲ್ಲದಿದ್ದರೆ ಪೆಟ್ಟಿಗೆ ತುಂಬ ಔಷಧವಿದ್ದೂ ನನಗೆ ಒಂದು ಮಾತ್ರೆಯೂ ಇರುತ್ತಿರಲಿಲ್ಲ.

ಮಾತ್ರೆ ನುಂಗಿಸಿ, ಲೋಟ ಕೆಳಗಿಟ್ಟು ಮೆಲ್ಲಗೆ ಅಂದ, "ಆರು ವಾರ ಸುಳ್ಳು ಹೇಳಿದ್ರಿ."

"ಹೌದು."

"ನನಗೆ ತುಂಬಾ ಕೋಪ ಬಂದಿತ್ತು."

"ಬರಬೇಕಾದ್ದೇ."

"ನಿಜ ಹೇಳಿದ್ರೆ ಬರೋದು ನಿಲ್ಲಿಸ್ತಿದ್ದೆ ಅಂತ ಯಾಕಂದ್ಕೊಂಡ್ರಿ? ಕೆಮ್ಮು ಅಂತಾದ್ರೂ ಬರ್ತಿದ್ದೆ."

ಜ್ವರದಲ್ಲೂ ನನಗೆ ನಗು ಬಂತು, ನಗುವಿನ ಜೊತೆ ಅಳುವೂ. ಅವನು ತನ್ನ ತೋಳಿನಲ್ಲೇ ನನ್ನ ಕೆನ್ನೆ ಒರೆಸಿದ. ಅಮ್ಮ ಒಲೆಯ ಕಡೆ ತಿರುಗಿ, ಬೇಕೆಂದೇ ಪಾತ್ರೆ ಸದ್ದು ಮಾಡಿದರು.

ಮೂರನೇ ಬೆಳಿಗ್ಗೆ ಜ್ವರ ಬಿಟ್ಟಿತ್ತು. ಹಸಿವಾಗಿತ್ತು. ಕಿಟಕಿಯಿಂದ ಹಿಮದ ಬೆಳಕು ನೇರ ಕಾಲ ಮೇಲೆ ಬಿದ್ದಿತ್ತು. ಅವನು ಬಗ್ಗಿ ಬಟ್ಟೆ ಸರಿಸಿದವನು ಹಾಗೇ ನಿಂತುಬಿಟ್ಟ.

"ನೋಡಿ," ಅಂದ. "ನೋಡಿ ಇಲ್ಲಿ!"

ಕೆಂಪು ಹಿಂದೆ ಸರಿದಿತ್ತು. ಅವನ ಗೆರೆಗೂ ಕೆಂಪಿಗೂ ನಡುವೆ ಎರಡು ಬೆರಳಿನಷ್ಟು ಸ್ವಚ್ಛ ಚರ್ಮ ಸುತ್ತಲೂ ಕಾಣುತ್ತಿತ್ತು. ಆರು ತಟ್ಟೆಗಳಲ್ಲಿ ಹುಡುಕಿ ಹುಡುಕಿ ಸಿಗದಿದ್ದ ಖಾಲಿ ವೃತ್ತ ನನ್ನ ಕಾಲ ಮೇಲೆ ಮೂಡಿತ್ತು.

ಅವನು ವೈರ್‌ಲೆಸ್ಸಿಗೆ ಹಾರಿದ. "ಜ್ವರ ಇಳಿದಿದೆ! ಕೆಂಪು ಗೆರೆಯೊಳಗೆ ಬಂದಿದೆ! ಓವರ್!" ಉಳಿದ ನಾಲ್ಕೂ ತಂಗುಮನೆಗಳಿಂದ ಕೂಗು, ಸಿಳ್ಳೆ, ತಟ್ಟೆ ಬಡಿಯುವ ಸದ್ದು. ಗದ್ದಲದ ನಡುವೆ ಡಾಕ್ಟರಮ್ಮನ ದನಿ, "ಸುಮ್ಮನಿರ್ರೋ! ಮೆಣಸಿನಕಾಯಿ, ಮಾತ್ರೆ ಪೂರ್ತಿ ಮುಗಿಸಬೇಕು. ದಾರಿ ತೆರೆದ ಕೂಡಲೇ ಉಳಿದ ನಾಲ್ಕು ಮನೆಗೂ ಪೆಟ್ಟಿಗೆ. ಪಾಠ ನೀವಿಬ್ಬರೇ ಹೇಳಬೇಕು."

ಅಮ್ಮ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದರು. ಆ ಮನೆಯಲ್ಲಿ ಅವರು ಒಂದು ಕಾಲು ಹೋಗುವುದನ್ನು ನೋಡಿದ್ದರು. ಈ ಸಲ ಒಂದು ಉಳಿದದ್ದನ್ನು ನೋಡಿದರು.

ಅವನು ನೋಟ್‌ಬುಕ್ ತೆರೆದು ನನ್ನ ಮುಂದೆ ಹಿಡಿದ. "ಏಳನೇ ಜಾಡಿಯ ರಿಪೋರ್ಟ್ ಕೊಟ್ಟೇ ಇಲ್ಲ ನೀವು."

ಮೊದಲ ಪುಟದ ಮೇಲ್ಗಡೆಯೇ, ಮೊದಲ ದಿನದ ಅವನ ಅಕ್ಷರ ಕಾಣಿಸಿತು. "ಅವಳಿಗೆ ಪೆನಿಸಿಲಿನ್ ಆಗುವುದಿಲ್ಲ." ಕೆಳಗೆ ಎರಡು ಗೀಟು ಎಳೆದಿದ್ದ.

ಪೆನ್ನು ತೆಗೆದುಕೊಂಡು ಅದರ ಕೆಳಗೆ ಬರೆದೆ: "ಇನ್ನು ಜಾಡಿ ಬೇಡ. ನೀವು ಬಂದರೆ ಸಾಕು."

ಅವನು ಓದಿದ. ಇನ್ನೊಂದು ಸಲ ಓದಿದ. ಆಮೇಲೆ ಅವನ ಕೈ ಮೆಲ್ಲಗೆ ವೈರ್‌ಲೆಸ್ಸಿನ ಗುಂಡಿಯ ಕಡೆ ಹೋಯಿತು, ನಾಲ್ಕೂ ಮನೆಗೆ ಓದಿ ಹೇಳಲು. ಗಬಕ್ಕನೆ ಆ ಕೈ ಹಿಡಿದುಕೊಂಡೆ. ಈ ಸಲ ಹಿಂದೆ ಕೆಮ್ಮುವವರು ಯಾರೂ ಇರಲಿಲ್ಲ. ಬಿಡಲಿಲ್ಲ.