ಒಂದರ ಬೆನ್ನಿಗೆ ನಾಲ್ಕು

"ಬ್ಯಾಡ ಬೇಟಿ, ಅದನ್ನ ಹಾಕ್ಬೇಡ. ಎಸ್ತರ್ ಹಾಡಿರೋ ಬೇರೆ ಹಾಡು ಎಷ್ಟಾದ್ರೂ ಕೇಳು. ಇದೊಂದು ಬಿಟ್ಬಿಡು."

ಜಹನಾರಾ ಖಾಲಾ ಅಡಕತ್ತರಿ ಕೆಳಗಿಟ್ಟು ಹೀಗೆಂದಾಗ ಆಶಾರಾಣಿ ಜೋರಾಗಿ ನಕ್ಕಳು. ಪುಲಿಕೇಶಿನಗರದ ಆ ಹಳೆಯ ಮನೆಯ ಮಹಡಿಗೆ ಅವಳೂ ಗಂಡ ಸಿದ್ಧಲಿಂಗೇಶನೂ ಬಾಡಿಗೆಗೆ ಬಂದದ್ದು ಆ ವರ್ಷದ ಯುಗಾದಿ ಕಳೆದ ಮೇಲೆ. ಮಹಡಿಯ ಹಜಾರದಲ್ಲಿದ್ದ ರೆಕಾರ್ಡ್ ಪ್ಲೇಯರೂ ಹಾಡಿನ ತಟ್ಟೆಗಳ ಪೆಟ್ಟಿಗೆಯೂ ಮನೆಯೊಡತಿ ಖಾಲಾರವೇ. ಪೆಟ್ಟಿಗೆಯ ತಳದಿಂದ ಆಶಾ ಎತ್ತಿ ತಂದದ್ದು ಎಪ್ಪತ್ತರ ದಶಕದ ಒಂದು ಜೋಡಿ ರೆಕಾರ್ಡು. ಕಪ್ಪು ಹೊದಿಕೆ. ಅದರ ಮೇಲೆ ಕೂದಲು ಬಿಚ್ಚಿಕೊಂಡು ಕೂತ ಹೆಂಗಸೊಬ್ಬಳ ಬೆನ್ನು.

"ಹಾಡು ಕೇಳಿ ಯಾರರೆ ಸತ್ತಾರೇನು ಖಾಲಾ?"

"ಸಾಯಲ್ಲ. ದನಿ ಹೋಗುತ್ತೆ."

ಖಾಲಾ ತಗ್ಗಿದ ದನಿಯಲ್ಲಿ ಹೇಳಿದರು. ಎಸ್ತರ್ ತಾನೇ ಹಾಡು ಕಟ್ಟಿ, ತಾನೇ ರಾಗ ಹಾಕಿ ಹಾಡುತ್ತಿದ್ದವಳು. ಮೊದಮೊದಲ ಅವಳ ಹಾಡುಗಳು ಕಂಟೋನ್ಮೆಂಟ್ ಕಡೆಯ ಮದುವೆಮನೆಗಳಲ್ಲೆಲ್ಲ ಕೇಳುತ್ತಿದ್ದವು. ಆಮೇಲೆ ಅವಳ ಕೋರಸ್ಸಿನ ಹುಡುಗಿಯೊಬ್ಬಳ ದನಿಗೆ ಅವಳ ಗಂಡ ಮರುಳಾಗಿ ಮನೆ ಬಿಟ್ಟ. ಎಸ್ತರ್ ಕೃಷ್ಣರಾಜಪುರದಾಚೆಯ ಒಬ್ಬ ಮಂತ್ರವಾದಿಯ ಗುಡಿಸಲಿಗೆ ಹೋಗಿ ಬರತೊಡಗಿದಳು. ಹಾಗೆ ಹುಟ್ಟಿದ್ದು ಎರಡು ತಟ್ಟೆಗಳ ಈ ನಾಲ್ಕು ಮಗ್ಗುಲು.

"ನಾಲ್ಕನೇದ್ರಲ್ಲಿ ಹಾಡು ನಿಲ್ಲಿಸಿ, ಯಾರು ಬೇಡ ಅಂತ ಕೇಳ್ತಾಳೆ. ಆಗ ಯಾರ ಹೆಸರು ಹೇಳಿದ್ರೆ ಅವಳ ದನಿ ಹೋಗುತ್ತೆ. ಆ ಕೋರಸ್ ಹುಡುಗೀದು ಹೋಯ್ತು, ನಾನೇ ನೋಡಿದೀನಿ. ಮೊದಲ ಮೂರು ಮಗ್ಗುಲು ಕೇಳೋರಿಗೆ ಕಾವಲು. ಆ ಕಾವಲು ಕಟ್ಕೊಳ್ಳದೆ ಹೆಸರು ಹೇಳಿದ್ರೆ, ಹೇಳಿದವಳ್ದೇ ಹೋಗೋದು."

"ಹಂಗಾದ್ರ ಮುಂಜಾನೆ ಸೊಪ್ಪು ಸೊಪ್ಪು ಅಂತ ಒದರಿ ನನ್ನ ನಿದ್ದಿ ಕೆಡಸ್ತಾನಲ್ಲ, ಅವನ ಹೆಸರು ಕೇಳಿಟ್ಟಿರ್ರಿ ಖಾಲಾ. ಮೊದಲ ಅವನದs ಹೇಳ್ತೀನಿ."

ಖಾಲಾ ನಗಲಿಲ್ಲ.

ಆ ಭಾನುವಾರ ಸಿದ್ಧಲಿಂಗೇಶ ತಬಲಾ ಜೋಡಿಯನ್ನು ಚೀಲಕ್ಕೆ ಹಾಕುತ್ತಿದ್ದ. ಅವನ ಆಫೀಸಿನ ರಮ್ಯಶ್ರೀಗೆ ಕ್ಯಾಸೆಟ್ಟಿನಲ್ಲಿ ಹಾಡುವ ಅವಕಾಶ ಸಿಕ್ಕಿತ್ತು. ಇಂದಿರಾನಗರದ ಅವಳ ಮನೆಯಲ್ಲಿ ಅಭ್ಯಾಸ.

"ಊಟಕ್ಕ ಬರ್ತೀರೇನು?"

"ಇಲ್ಲ, ಅಲ್ಲೇ ಆಗ್ತದ. ಅವರ ತಾಯಿ ಬಿಡೂದಿಲ್ಲ."

"ನನಗೂ ಒಂದಿನ ತಬಲಾ ಬಾರಸ್ರಿ. ನಾ ಹಾಡಿ ಭಾಳ ದಿನ ಆತು."

"ನೀ ಮನ್ಯಾಗ ಇರಾಕಿ. ಯಾವಾಗರೆ ಹಾಡಿದ್ರಾತು." ಚಪ್ಪಲಿ ಮೆಟ್ಟಿದವನು ಬಾಗಿಲಲ್ಲಿ ತಿರುಗಿ ನಿಂತ. "ಆಕಿ ದನಿ ನೀ ಒಮ್ಮೆ ಕೇಳಬೇಕು, ಆಶಾ."

ಹುಬ್ಬಳ್ಳಿಯಲ್ಲಿ ಹೆಣ್ಣು ನೋಡಲು ಬಂದಾಗ ಇದೇ ಮನುಷ್ಯ, ಉಪ್ಪಿಟ್ಟು ಆರಿಹೋದರೂ ಮುಟ್ಟದೆ, ಇನ್ನೊಂದು ಹಾಡಿ ಎಂದು ಕೇಳಿದ್ದ. ಈಗ ಅವಳು ಹಾಡಿದರೆ ಅವನಿಗೆ ಅದು ನಲ್ಲಿಯ ಸದ್ದು, ಫ್ಯಾನಿನ ಸದ್ದು. ರಮ್ಯಶ್ರೀ ಸಾಲಿನ ಕೊನೆಯನ್ನು ಜಾರಿಸುವ ಬಗೆಯನ್ನು ಅವನ ಗುನುಗಿನಿಂದಲೇ ಕಲಿತು, ಒಮ್ಮೆ ಅಡುಗೆಮನೆಯಲ್ಲಿ ಆಶಾ ಹಾಗೆಯೇ ಹಾಡಿದ್ದಳು. "ಗಂಟಲಾ ಕೆಟ್ಟೈತೇನು? ಬಿಸಿನೀರು ಕುಡಿ" ಎಂದಿದ್ದ. ಅವಳು ನಿಜಕ್ಕೂ ಬಿಸಿನೀರು ಕಾಯಿಸಿ ಕುಡಿದಿದ್ದಳು. ಬೇರೆ ಹೆಂಗಸಿನ ಸೀರೆ, ಬಣ್ಣ, ನಡಿಗೆಯ ಮೇಲೆ ಹೊಟ್ಟೆಕಿಚ್ಚು ಪಡಬಹುದು, ಬೈದುಕೊಂಡು ಸಮಾಧಾನ ತಂದುಕೊಳ್ಳಬಹುದು. ದನಿಯನ್ನು ಏನೆಂದು ಬೈಯುವುದು?

ಮಧ್ಯಾಹ್ನ ಮೋಡ ಕವಿಯಿತು. ಮಾಟದಲ್ಲಿ ಅವಳಿಗೆ ನಂಬಿಕೆಯಿರಲಿಲ್ಲ. ಆದರೂ ತಟ್ಟೆಯನ್ನು ಹೊದಿಕೆಯಿಂದ ಎಳೆಯುವಾಗ ಒಂದು ಹೆಸರು ಆಗಲೇ ನಾಲಿಗೆಯ ಮೇಲಿತ್ತು. ಮೂರು ಮಗ್ಗುಲು ಸುಮ್ಮನೆ ಕೇಳುವುದು. ನಾಲ್ಕನೆಯದರಲ್ಲಿ ಹೇಳುವುದು. ಅಷ್ಟೇ ತಾನೆ?

ಸುಟ್ಟ ಕೂದಲಿನ, ಲೋಬಾನದ ಧೂಪದ ವಾಸನೆ ಮೂಗಿಗೆ ಬಡಿಯಿತು. ಒಂದನೇ ಮಗ್ಗುಲಲ್ಲಿ ಹಾಡೆನ್ನುವಂಥದ್ದೇ ಇರಲಿಲ್ಲ. ಶ್ರುತಿ ಬಿಟ್ಟ ತಂಬೂರಿ. ದೂರದ ರೈಲು. ಮೊರದಲ್ಲಿ ಏನನ್ನೋ ಕೇರುವ ಸದ್ದು. ಅದರಡಿಯಲ್ಲಿ ಎಸ್ತರ್ ಕೂಸಿಗೆ ತಟ್ಟುವವಳಂತೆ ಗುನುಗುತ್ತಿದ್ದಳು. ಆಶಾಳ ಮೈ ಬೆಚ್ಚಗಾಯಿತು. ಯಾರೋ ಹೆಗಲಿಗೆ ಶಾಲು ಹೊದಿಸಿದಂತೆ.

ಮಗ್ಗುಲು ಮುಗಿಯಿತು. ಕ್ಯಾಸೆಟ್ ತಿರುವಿ ಹಾಕುವಂತೆಯೇ ತಟ್ಟೆಯನ್ನು ತಿರುವಿ ಹಾಕಿ, ಮುಳ್ಳನ್ನು ಇಳಿಸಿದಳು.

ಬೆಚ್ಚಗಿದ್ದದ್ದು ಜಾರಿಹೋಯಿತು. ತಂಬೂರಿಯಿಲ್ಲ, ರೈಲಿಲ್ಲ. ಬರೀ ಉಸಿರು. ತೀರ ಹತ್ತಿರ, ಕಿವಿಯ ಹಿಂದೆ. ಆಗಲೇ ಕರೆಂಟು ಹೋಯಿತು. ಫ್ಯಾನು ನಿಂತಿತು. ಬೀದಿಯ ಕಬಾಬಿನ ಹೊಗೆ, ಆಟೋಗಳ ಸದ್ದು, ಎಲ್ಲ ಬಾಗಿಲಾಚೆಯೇ ಉಳಿದವು.

ತಟ್ಟೆ ಮಾತ್ರ ತಿರುಗುತ್ತಿತ್ತು.

"ಯಾರು ಬೇಡ?"

ಆಶಾ ಬೆಚ್ಚಿದಳು. ಇದು ಎರಡನೆಯದಲ್ಲವೆ? ಈಗಲೇ ಏಕೆ ಕೇಳುತ್ತಿದ್ದಾಳೆ? ಬಾಯಿ ಬಿಡಬಾರದು. ತುಟಿ ಕಚ್ಚಿದಳು. ರಕ್ತದ ರುಚಿ. ಮೋಡದ ಕತ್ತಲೆ. ಮೌನ ಅವಳ ಹಲ್ಲುಗಳ ಸಂದಿಗೆ ಉಗುರು ಹಾಕಿ ಎಬ್ಬುತ್ತಿತ್ತು. ಇಷ್ಟು ಅಕ್ಕರೆಯಿಂದ ಅವಳನ್ನು ಯಾರೂ ಏನನ್ನೂ ಕೇಳಿರಲಿಲ್ಲ, ಎಷ್ಟೋ ಕಾಲದಿಂದ.

"ಯಾರು ಬೇಡ ಮಗಳೇ?"

"ರಮ್ಯಶ್ರೀ."

ಗಂಟಲೊಳಗೆ ತಣ್ಣನೆಯದೇನೋ ಇಳಿಯಿತು. ಬೆರಳು. ತಡಕಿತು. ಹಿಡಿಯಿತು. ಎಳೆಯಿತು. ಖಾಲಾ ಎಂದು ಕೂಗಿದಳು. ಬಾಯಿ ತೆರೆದದ್ದು ನಿಜ. ಸದ್ದಿಲ್ಲ. ಮತ್ತೆ ಕೂಗಿದಳು. ಇಲ್ಲ. ಬರೀ ಗಾಳಿ.

ಕರೆಂಟು ಬಂತು. ನಿಂತ ತಟ್ಟೆಯ ನಡುವಿನ ಕಾಗದದಲ್ಲಿ ಸಣ್ಣದಾಗಿ ಅಚ್ಚಾಗಿತ್ತು: ೪.

ತಟ್ಟೆಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದವಳನ್ನು ಕಂಡು ಖಾಲಾ ಹಣೆ ಚಚ್ಚಿಕೊಂಡರು.

"ಕ್ಯಾಸೆಟ್ ಥರ ತಿರುಗಿಸಿಬಿಟ್ಯಾ? ಅಯ್ಯೋ ಬೇಟಿ, ಆಗೆಲ್ಲ ಎರಡು ತಟ್ಟೆ ಒಟ್ಟಿಗೆ ಪ್ಲೇಯರ್ ಮೇಲೆ ಏರಿಸೋರು. ಒಂದು ಮುಗಿದ್ರೆ ಇನ್ನೊಂದು ತಾನೇ ಬೀಳ್ತಿತ್ತು. ಆಮೇಲೆ ಎರಡನ್ನೂ ಒಟ್ಟಿಗೇ ತಿರುಗಿಸೋದು. ಅದಕ್ಕೇ ಒಂದರ ಬೆನ್ನಿಗೆ ನಾಲ್ಕು, ಎರಡರ ಬೆನ್ನಿಗೆ ಮೂರು ಇರುತ್ತೆ."

ಆಶಾ ತಟ್ಟೆಯನ್ನು ನೆಲಕ್ಕೆ ಅಪ್ಪಳಿಸಲು ಎತ್ತಿದಳು. ಖಾಲಾ ಅವಳ ಮಣಿಕಟ್ಟು ಹಿಡಿದರು.

"ಒಡೀಬೇಡ. ನಿನ್ನ ದನಿ ಈಗ ಇದರೊಳಗಿದೆ."

ಡಾಕ್ಟರರು ಟಾರ್ಚು ಬಿಟ್ಟು ನೋಡಿ, ಗಂಟಲಲ್ಲಿ ಏನೂ ದೋಷವಿಲ್ಲ ಎಂದರು. ರಮ್ಯಶ್ರೀಯ ಕ್ಯಾಸೆಟ್ಟು ಬಿಡುಗಡೆಯಾಯಿತು. ಆದರೆ ಅದರ ಸಮಾರಂಭಕ್ಕೆ ಸಿದ್ಧಲಿಂಗೇಶ ಹೋಗಲಿಲ್ಲ. ಇಂದಿರಾನಗರಕ್ಕೆ ಹೋಗುವುದನ್ನೇ ಅವನು ಬಿಟ್ಟಿದ್ದ. ಒಂದು ಸಂಜೆ ಏನೂ ತೋಚದೆ ಆ ರೆಕಾರ್ಡು ಹಾಕಿದವನು ಅಲ್ಲೇ ಕೂತುಬಿಟ್ಟಿದ್ದ. ಈಗ ಆಫೀಸಿನಿಂದ ಬಂದವನೇ ಬೂಟು ಬಿಚ್ಚದೆ ಪ್ಲೇಯರಿನ ಮುಂದೆ ಕೂರುತ್ತಾನೆ, ತಬಲಾದ ಮೇಲೆ ಮೆಲ್ಲಗೆ ಬೆರಳಾಡಿಸುತ್ತಾನೆ. ಚಹಾ ಆರಿಹೋಗುತ್ತದೆ.

ನಾಲ್ಕನೇ ಮಗ್ಗುಲಿನಲ್ಲಿ ಮೌನವಿದ್ದ ಜಾಗದಲ್ಲಿ ಈಗ ಒಬ್ಬಳು ಹಾಡುತ್ತಾಳೆ. ತುಂಬಿದ ದನಿ, ಮೇಲಿನ ಸ್ವರದಲ್ಲಿ ಚೂರು ನಡುಗುವ ದನಿ.

"ಆಶಾ, ಬಾ ಇಲ್ಲೆ, ಕೂಡು." ಅವನ ಕಣ್ಣು ಒದ್ದೆಯಾಗಿತ್ತು. "ಇದು ಎಸ್ತರ್ ಅಲ್ಲ, ಬ್ಯಾರೆ ಯಾರೋ. ಹುಟ್ಟಿದಾಗಿನಿಂದ ಇಂಥಾ ದನಿ ನಾ ಕೇಳೇ ಇಲ್ಲ."

ಅವಳು ಅವನ ತೋಳು ಹಿಡಿದಳು. ತನ್ನ ಗಂಟಲು ಮುಟ್ಟಿ, ತಟ್ಟೆಯ ಕಡೆ ತೋರಿಸಿದಳು. ಮತ್ತೆ ಮುಟ್ಟಿದಳು, ಮತ್ತೆ ತೋರಿಸಿದಳು.

"ಹೌದ ಹೌದ, ನಿನಗೂ ಗಂಟಲಾ ಕಟ್ಟಿ ಬರಾಕತ್ತೈತಿ. ಶ್... ಈಗ ಸುಮ್ಮನಿರು, ಆಕಿ ಹಾಡ್ಲಿ."

ಅವನು ಕಣ್ಣು ಮುಚ್ಚಿದ. ಆಶಾ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತಳು. ಹಜಾರದಲ್ಲಿ ಹಾಡು ಮುಗಿಯಿತು, ಅವನು ಮುಳ್ಳನ್ನೆತ್ತಿ ಮತ್ತೆ ಅಲ್ಲಿಗೇ ಇಟ್ಟ. ಹಾಡುತ್ತಿದ್ದ ಆ ಹೆಂಗಸಿನ ಮೇಲೆ ಅವಳಿಗೆ ಹೊಟ್ಟೆ ಉರಿಯತೊಡಗಿತು.