ಸಂಪಾಜೆ ರಸ್ತೆಯ ಎಡಗನ್ನಡಿ

2024ರ ಡಿಸೆಂಬರ್ 11, ಬುಧವಾರ. ಬೆಳಗ್ಗೆ 9.35ಕ್ಕೆ ಸುಳ್ಯ ಠಾಣೆಗೆ ಬಂದ ಫಾಝಿಲ್ ಎಂಬ ಯುವಕನ ಕೈಯಲ್ಲಿ ಹೆಂಗಸರ ಉಣ್ಣೆಯ ಶಾಲೊಂದಿತ್ತು. ಅದರ ಒಂದು ಅಂಚಿನಲ್ಲಿ ರಕ್ತ ಒಣಗಿತ್ತು.

"ಅಪ್ಪನ ಸೈಕಲ್ಲಿಗೆ ಕಾರು ತಾಗಿದೆ ಮೇಡಂ. ಎಡಗೈ ಮುರಿದಿದೆ" ಎಂದ.

ಸಬ್ ಇನ್‌ಸ್ಪೆಕ್ಟರ್ ಮೂಕಾಂಬಿಕಾ ಕುರ್ಚಿ ತೋರಿಸಿದರು. "ಎಲ್ಲಿ? ಎಷ್ಟು ಹೊತ್ತಿಗೆ?"

"ಕಲ್ಲುಗುಂಡಿಯಿಂದ ಈಚೆ. ಏಳು ಗಂಟೆಗೆ ಹತ್ತು ನಿಮಿಷ ಇರುವಾಗ."

"ಕಾರಿನ ನಂಬ್ರ?"

"ಗೊತ್ತಿಲ್ಲ. ಬಿಳಿ ಕಾರಂತೆ. ಒಬ್ರು ಹೆಂಗಸು ಇಳಿದು ಬಂದು ಈ ಶಾಲಲ್ಲಿ ಕೈ ಕಟ್ಟಿ ರಿಕ್ಷಾ ಹತ್ತಿಸಿದ್ರಂತೆ. ಹೆಸರು ಮಾತ್ರ ಹೇಳ್ಲಿಲ್ಲ. ಕಂಪ್ಲೇಂಟ್ ಬೇಡ ಅಂತ ಅಪ್ಪ ಹೇಳ್ತಾರೆ. ಇನ್ನು ಆರು ವಾರ ಸೈಕಲ್ ಮುಟ್ಲಿಕ್ಕಿಲ್ಲ. ಇದಕ್ಕೆ ಯಾರಾದ್ರೂ ಜವಾಬ್ದಾರಿ ಬೇಡ್ವಾ?"

10.20ಕ್ಕೆ ಎಫ್‌ಐಆರ್ ದಾಖಲಾಯಿತು. ಅಜಾಗರೂಕ ಚಾಲನೆ, ಗಾಯ, ಮಾಹಿತಿ ಕೊಡದೆ ಹೋದದ್ದು. ಆರೋಪಿಯ ಕಾಲಂನಲ್ಲಿ 'ಅಪರಿಚಿತ ಬಿಳಿ ಕಾರಿನ ಚಾಲಕರು' ಎಂದು ಬರೆಯಲಾಯಿತು.

ಫಾಝಿಲ್‌ನ ತಂದೆ ಪೋಕರ್‌ಗೆ ಅರುವತ್ತೊಂದು ವರ್ಷ. ಸೈಕಲ್ಲಿನ ಹಿಂದೆ ತಗಡಿನ ಪೆಟ್ಟಿಗೆ ಕಟ್ಟಿ ಬನ್ನು, ರಸ್ಕು ಮಾರುತ್ತಿದ್ದವರು. ಆಸ್ಪತ್ರೆಯ ಮಂಚದಲ್ಲಿ ಕುಳಿತು, ನಿದ್ದೆಯಲ್ಲಿ ಕಂಡದ್ದನ್ನು ನೆನಪಿಸಿಕೊಳ್ಳುವವರ ಹಾಗೆ ನಿಧಾನವಾಗಿ ಹೇಳಿಕೆ ಕೊಟ್ಟರು.

"ಮಂಜು ಅಂದ್ರೆ ಮಂಜು. ನನ್ನ ಮುಂದಿನ ಚಕ್ರವೇ ನನಗೆ ಕಾಣ್ತಿರ್ಲಿಲ್ಲ. ಹಿಂದಿಂದ ಎಂತದೋ ಹ್ಯಾಂಡಲಿಗೆ ಮುಟ್ಟಿತು. ಮತ್ತೆ ನಾನು ನೆಲದಲ್ಲಿ. ಬನ್ನುಗಳು ರಸ್ತೆಯಲ್ಲಿ ಉರುಳ್ತಾ ಹೋಗ್ತಾ ಉಂಟು, ಒಂದೊಂದೇ ಮಂಜಿನೊಳಗೆ. ನೋವೇ ಗೊತ್ತಾಗ್ಲಿಲ್ಲ."

"ಆ ಹೆಂಗಸು?"

"ಓಡಿ ಬಂದ್ರು. ತಲೆ ಮಡಿಲಲ್ಲಿ ಇಟ್ಕೊಂಡ್ರು. 'ಅಣ್ಣ, ಕಣ್ಣು ಮುಚ್ಬೇಡಿ' ಅಂತ ಹೇಳ್ತಾನೇ ಇದ್ರು."

"ಕಾರು ಓಡಿಸಿದ್ದು ಅವರೇ?"

ಪೋಕರ್ ಕಿಟಕಿಯ ಕಡೆ ನೋಡಿದರು. "ಕಾರು ದೂರ ನಿಂತಿತ್ತು. ಒಳಗೆ ಯಾರಿದ್ರು, ಯಾರಿಲ್ಲ, ಹೇಗೆ ಹೇಳುದು?"

ರಿಕ್ಷಾ ಚಾಲಕ ಚೆನ್ನಪ್ಪನೂ ಅದನ್ನೇ ಹೇಳಿದ. ಹೆಂಗಸನ್ನು ಕಂಡಿದ್ದ, ಕಾರಿನ ಒಳಗನ್ನು ಕಂಡಿರಲಿಲ್ಲ.

ಮಧ್ಯಾಹ್ನ 12.15ಕ್ಕೆ ಸ್ಥಳ ಪಂಚನಾಮೆ. ಹೊಳೆಯ ಕಡೆಯಿಂದ ಏಳುವ ಮಂಜು ಆಗ ಪೂರ್ತಿ ಕರಗಿತ್ತು. ಬಿಸಿಲಲ್ಲಿ ಆ ರಸ್ತೆ ಯಾವ ಗುಟ್ಟೂ ಇಲ್ಲದಂತೆ ಬಿದ್ದುಕೊಂಡಿತ್ತು. ಹೆಡ್ ಕಾನ್‌ಸ್ಟೆಬಲ್ ರಾಧಾಕೃಷ್ಣ ಟೇಪು ಹಿಡಿದರು. ಡಾಮರಿನ ಅಂಚಿನ ಬಿಳಿ ಗೆರೆಯಿಂದ ಆಚೆ, ಎಡಬದಿಯ ಮಣ್ಣಿನಲ್ಲಿ, ಎರಡೂವರೆ ಅಡಿ ದೂರಕ್ಕೆ ಕನ್ನಡಿಯ ಚೂರುಗಳು ಸಿಕ್ಕವು. ಕಾರಿನ ಎಡಗನ್ನಡಿಯ ಬಿಳಿ ಕವಚದ ಅರ್ಧವೂ ಹುಲ್ಲಿನಲ್ಲಿತ್ತು.

"ಸೈಕಲ್ಲಿಗೆ ಲೈಟಿಲ್ಲ ಮೇಡಂ. ಹಿಂದೆ ರಿಫ್ಲೆಕ್ಟರೂ ಇಲ್ಲ" ಎಂದರು ರಾಧಾಕೃಷ್ಣ.

"ಅದನ್ನೂ ಬರೀರಿ. ಆದ್ರೆ ಸೈಕಲ್ ಗೆರೆಯ ಹೊರಗಿತ್ತು. ಗೆರೆ ದಾಟಿ ಬಂದದ್ದು ಕಾರು."

ಅರಂತೋಡಿನ ಒಂದು ಅಂಗಡಿಯ ಸಿಸಿಟಿವಿಯಲ್ಲಿ ಆ ಬೆಳಗು ಹಾಲಿನಂತೆ ಬಿಳಿಯಾಗಿತ್ತು. ಒಂದು ಗಂಟೆಯ ದೃಶ್ಯದಲ್ಲಿ ಏನೂ ಇಲ್ಲ, ಆಗೊಮ್ಮೆ ಈಗೊಮ್ಮೆ ತೇಲಿ ಬಂದು ತೇಲಿ ಹೋಗುವ ದೀಪಗಳಷ್ಟೆ. 6.19ಕ್ಕೆ ಸಂಪಾಜೆ ಕಡೆಗೆ ಒಂದು ಬಿಳಿ ಕಾರು ಹೋಯಿತು. 7.12ಕ್ಕೆ ಅದೇ ಕಾರು ಹಿಂದೆ ಬಂತು, ಎಡಗನ್ನಡಿ ಇಲ್ಲದೆ. ಅಂಗಡಿಯ ಮುಂದಿನ ರಸ್ತೆ ಉಬ್ಬಿನಲ್ಲಿ ಕಾರು ನಿಧಾನಿಸಿದಾಗ ನಂಬ್ರದ ಕೊನೆಯ ಮೂರು ಅಂಕಿಗಳು ಕಂಡವು. ಗುರುವಾರ ಸಂಜೆಯೊಳಗೆ ಮಾಲಕರ ಹೆಸರು ಸಿಕ್ಕಿತು: ಕೃಷ್ಣಮೋಹನ, 59, ಸಹಕಾರಿ ಸಂಘವೊಂದರ ನಿವೃತ್ತ ಕಾರ್ಯದರ್ಶಿ, ಸುಳ್ಯ ಪೇಟೆ.

ಅಪಘಾತದ ಹೊತ್ತಿಗೆ ಕಾರು ಓಡಿಸುತ್ತಿದ್ದವರು ಯಾರೆಂದು ಬರೆದುಕೊಡುವಂತೆ ಶುಕ್ರವಾರ ಮೂಕಾಂಬಿಕಾ ನೋಟಿಸ್ ಕಳಿಸಿದರು. ಎರಡೇ ಗಂಟೆಯಲ್ಲಿ ಕೃಷ್ಣಮೋಹನರು ಖುದ್ದಾಗಿ ಉತ್ತರ ತಂದುಕೊಟ್ಟರು. ಆರಡಿಗೂ ಮೀರಿದ ಎತ್ತರದ ಮನುಷ್ಯ. ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬಂದರು.

"ನಾನೇ ಓಡಿಸಿದ್ದು. ಹೆಂಡತಿ ಪಕ್ಕದಲ್ಲಿದ್ಲು. ಇಳಿದು ಸಹಾಯ ಮಾಡಿದ್ದು ಅವಳು."

"ನೀವು ಇಳೀಲಿಲ್ಲ?"

"ಗಾಬರಿ ಆಗಿತ್ತು. ಲೈಸೆನ್ಸ್ ಉಂಟು, ಇನ್ಶೂರೆನ್ಸ್ ಉಂಟು. ಅವರಿಗೆ ಸಿಗಬೇಕಾದ ಪರಿಹಾರಕ್ಕೆ ತೊಂದ್ರೆ ಇಲ್ಲ."

"ಅಷ್ಟು ಬೆಳಗ್ಗೆ ಎಲ್ಲಿಗೆ ಹೋದದ್ದು?"

"ಸುಮ್ಮನೆ."

ಕೃಷ್ಣಮೋಹನರು ದಿನಾ ಆರರಿಂದ ಏಳೂವರೆಯವರೆಗೆ ವಾಕಿಂಗ್ ಹೋಗುತ್ತಾರೆಂದು ನೆರೆಯವರಿಂದ ರಾಧಾಕೃಷ್ಣ ತಿಳಿದುಕೊಂಡು ಬಂದಿದ್ದರು. ಆದರೆ ಬುಧವಾರ ಅವರು ನಡೆದದ್ದನ್ನು ಕಂಡವರು ಯಾರೂ ಇರಲಿಲ್ಲ. ಆ ದಿನ ಸುಳ್ಯದಲ್ಲೂ ಮಂಜು.

ಶನಿವಾರ, 14ರಂದು, ಮಧ್ಯಾಹ್ನ 2.30ಕ್ಕೆ ಮೂಕಾಂಬಿಕಾ ಕಾರು ವಶಪಡಿಸಿಕೊಳ್ಳಲು ಅವರ ಮನೆಗೆ ಹೋದರು. ಕಾರಿನ ಮೇಲೆ ಬಟ್ಟೆಯ ಹೊದಿಕೆ ಇತ್ತು.

"ಬುಧವಾರದ ಮೇಲೆ ತೆಗೆದಿದ್ದೀರಾ?"

"ಇಲ್ಲ."

ಎಡಗಡೆ ಕನ್ನಡಿಯ ಬುಡ ಮಾತ್ರ ಉಳಿದಿತ್ತು. ಹುಲ್ಲಿನಲ್ಲಿ ಸಿಕ್ಕ ಕವಚ ಅದಕ್ಕೆ ಸರಿಯಾಗಿ ಕೂತಿತು. ಮಹಜರು ಬರೆದಾಯಿತು. ಚಾಲಕನ ಸೀಟಿನ ಮೇಲೊಂದು ಚಪ್ಪಟೆ ದಿಂಬಿತ್ತು. ಮೂಕಾಂಬಿಕಾ ಅದನ್ನು ನೋಡಿದರು.

"ಕಾರನ್ನು ಠಾಣೆಗೆ ತರಬೇಕು. ನೀವೇ ಓಡಿಸಿ."

ಕೃಷ್ಣಮೋಹನರು ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟರು. ಇನ್ನೊಂದು ಕಾಲು ಒಳಗೆ ಹೋಗಲಿಲ್ಲ. ಸೀಟು ಅಷ್ಟು ಮುಂದಿತ್ತು. ಮಂಡಿ ಸ್ಟಿಯರಿಂಗಿಗೆ ಸಿಕ್ಕಿಕೊಂಡಿತು, ತಲೆ ಕಾರಿನ ಚಾವಣಿಗೆ ತಾಗಿತು. ಅವರು ಬಗ್ಗಿ, ಸೀಟಿನ ಕೆಳಗೆ ಕೈ ಹಾಕಿ ಹಿಡಿ ಹುಡುಕತೊಡಗಿದರು. ಕಿವಿಗಳು ಕೆಂಪಾಗಿದ್ದವು.

"ಸಾಕು, ಇಳೀರಿ."

ಮಾತು ಬಂದದ್ದು ಜಗಲಿಯಿಂದ. ಅವರ ಹೆಂಡತಿ ಪರಮೇಶ್ವರಿ ಮೆಟ್ಟಿಲಿಳಿದು ಬಂದರು. ಐವತ್ನಾಲ್ಕು ವರ್ಷ, ಕುಳ್ಳಗಿನ ಮೈಕಟ್ಟು.

"ನಾನು ಓಡಿಸಿದ್ದು ಮೇಡಂ. ಇವರು ಅಲ್ಲಿ ಇರ್ಲೇ ಇಲ್ಲ. ದಿನಾ ಸೀಟು ಹಿಂದೆ ಮಾಡಿಯೇ ಇಡ್ತಿದ್ದೆ. ಅವತ್ತು ಗಾಬರಿಯಲ್ಲಿ ಮರೆತೇಹೋಯ್ತು." ಮತ್ತೆ ಕೇಳಿದರು: "ಆ ಅಣ್ಣನ ಕೈ ಹೇಗುಂಟು?"

"ಮೂಳೆ ಮುರಿದಿದೆ. ಗುಣ ಆಗ್ತದೆ. ಲೈಸೆನ್ಸ್?"

"ಇಲ್ಲ."

ಕೃಷ್ಣಮೋಹನರು ಕಾರಿಗೆ ಒರಗಿ ನಿಂತರು. "ಮೇಡಂ, ನನ್ನ ಹೆಸರೇ ಇರ್ಲಿ. ಲೈಸೆನ್ಸ್ ಇಲ್ಲ ಅಂತಾದ್ರೆ ಇನ್ಶೂರೆನ್ಸಿನವರು ಕೈ ಎತ್ತಿಬಿಡ್ಬಹುದು. ಆ ಬಡಪಾಯಿಗೂ ಅಲೆದಾಟ. ಒಂದು ಹೆಸರು ಬದಲಾದ್ರೆ ಯಾರಿಗೂ ನಷ್ಟ ಇಲ್ಲ."

ಮೂಕಾಂಬಿಕಾ ಉತ್ತರಿಸುವ ಮೊದಲೇ ಪರಮೇಶ್ವರಿ ಹೇಳಿದರು: "ಅವರ ಪರಿಹಾರಕ್ಕೆ ನನ್ನ ಬಳೆ ಉಂಟು. ತಪ್ಪು ನನ್ನದು. ಓಡಿಸಿದ್ದೂ ನಾನು. ಎರಡನ್ನೂ ಬೇರೆಯವರ ಹೆಸರಿಗೆ ಬರೀಬೇಡಿ."

ಮಧ್ಯಾಹ್ನ 3.40ಕ್ಕೆ ಠಾಣೆಯಲ್ಲಿ ಅವರ ಹೇಳಿಕೆ ದಾಖಲಾಯಿತು. ಕೃಷ್ಣಮೋಹನರು ಗೋಡೆಯ ಬದಿಯ ಬೆಂಚಿನಲ್ಲಿ ಕುಳಿತು ಕೇಳುತ್ತಿದ್ದರು.

"ಕಲಿತದ್ದು ಎಲ್ಲಿ?"

"ಹನ್ನೆರಡು ವರ್ಷ ಹಿಂದೆ, ಪುತ್ತೂರಲ್ಲಿ. ಟೆಸ್ಟಿನ ದಿನವೇ ಅತ್ತೆ ಬಿದ್ದು ಸೊಂಟ ಮುರ್ಕೊಂಡ್ರು. ಮತ್ತೆ ಹೋಗ್ಲಿಕ್ಕೆ ಆಗ್ಲಿಲ್ಲ. ಕಳೆದ ವರ್ಷ ಅವರು ತೀರಿಹೋದ್ರು. ಈ ಅಕ್ಟೋಬರಲ್ಲಿ ಒಂದು ದಿನ, ಇವರು ವಾಕಿಂಗ್ ಹೋದ ಮೇಲೆ, ಸುಮ್ಮನೆ ಕೀ ತೆಗೊಂಡೆ."

"ಎಲ್ಲಿಗೆ ಹೋಗ್ತಿದ್ರಿ?"

"ಎಲ್ಲಿಗೂ ಇಲ್ಲ. ಸಂಪಾಜೆವರೆಗೆ. ಘಾಟಿ ಸುರು ಆಗುವಲ್ಲಿ ತಿರುಗಿಸಿ ಬರುದು." ಅವರ ದನಿ ತಗ್ಗಿತು. "ಮಂಜಿನಲ್ಲಿ ರಸ್ತೆ ಪೂರಾ ಕಾಣುದಿಲ್ಲ ಮೇಡಂ. ಕಾರು ಹೋದಷ್ಟು ಹೋದಷ್ಟು ಮಾತ್ರ ಹುಟ್ಟುತ್ತದೆ. ಹಿಂದೆ ನೋಡಿದ್ರೆ ಅದೂ ಇಲ್ಲ. ಮನೆ, ಪೇಟೆ, ಯಾವುದೂ ಇಲ್ಲ. ಸ್ಟಿಯರಿಂಗ್ ಮೇಲೆ ನನ್ನ ಎರಡು ಕೈ ಉಂಟಲ್ಲ, ಅಷ್ಟೇ ಲೋಕ."

ರಾಧಾಕೃಷ್ಣ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. ಮೂಕಾಂಬಿಕಾ ಮುಂದುವರಿಸುವಂತೆ ಸನ್ನೆ ಮಾಡಿದರು.

"ಅವತ್ತು ಹಿಂದೆ ಬರುವಾಗ ಬೆಳಕು ಹರಿಯಿತು. ಒಳಗಿನ ಕನ್ನಡಿ ತುಂಬ ಗುಲಾಬಿ ಬಣ್ಣ. ಅದನ್ನೇ ನೋಡ್ತಾ ಇದ್ದುಬಿಟ್ಟೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಮತ್ತೆ ಆ ಶಬ್ದ."

"ಸಹಾಯ ಮಾಡಿದ್ರಿ. ಹೆಸರು ಯಾಕೆ ಹೇಳ್ಲಿಲ್ಲ? ಕೇಸಿನ ಹೆದರಿಕೆಯೇ?"

"ಕೇಸಿನ ನೆನಪೂ ಬರ್ಲಿಲ್ಲ. ಹೆಸರು ಹೇಳಿದ್ರೆ ಮನೆಗೆ ಗೊತ್ತಾಗ್ತದೆ. ಇನ್ನು ಕೀ ಕೈಗೆ ಸಿಗುದಿಲ್ಲ ಅಂತ ಅನಿಸಿತು."

4.25ಕ್ಕೆ ಪರಮೇಶ್ವರಿಯವರನ್ನು ಬಂಧಿಸಿ, ಕಾರಣ ಓದಿಹೇಳಿ, ಸಹಿ ಪಡೆಯಲಾಯಿತು. ಜಾಮೀನು ಸಿಗುವ ಅಪರಾಧಗಳಾದ್ದರಿಂದ ಠಾಣೆಯಲ್ಲೇ ಬಿಡುಗಡೆ. ಸುಳ್ಳು ಉತ್ತರ ಬರೆದುಕೊಟ್ಟದ್ದಕ್ಕೆ ಕೃಷ್ಣಮೋಹನರ ಮೇಲೂ ವರದಿ ಹೋಗುತ್ತದೆಂದು ಮೂಕಾಂಬಿಕಾ ತಿಳಿಸಿದರು. ಅವರು ತಲೆಯಾಡಿಸಿದರು. ಫೋನಿನಲ್ಲಿ ಸುದ್ದಿ ಕೇಳಿದ ಪೋಕರ್ "ಆ ಅಮ್ಮನಿಗೆ ಜೋರು ಮಾಡ್ಬೇಡಿ" ಎಂದಷ್ಟೇ ಹೇಳಿದರು. ಪರಿಹಾರ ವಿಮೆಯವರು ಕೊಡುವುದೋ ಪರಮೇಶ್ವರಿ ಕೊಡುವುದೋ, ಅದನ್ನು ನ್ಯಾಯಾಲಯ ತೀರ್ಮಾನಿಸಬೇಕಿತ್ತು.

ಜಾಮೀನು ಪತ್ರಕ್ಕೆ ಸಹಿ ಹಾಕಲು ಪೆನ್ನು ಹಿಡಿದ ಕೃಷ್ಣಮೋಹನರು ಹೆಂಡತಿಯ ಕಡೆ ತಿರುಗಿದರು.

"ಮೈಲೇಜ್ ಕಡಿಮೆ ಬರ್ತದೆ ಅಂತ ಎರಡು ಸಲ ಗ್ಯಾರೇಜಿಗೆ ಕೊಟ್ಟೆ ನಾನು" ಎಂದರು. ಸಿಟ್ಟಿರಲಿಲ್ಲ, ದಣಿವಿತ್ತು. "ನನ್ನ ಹತ್ರ ಒಂದು ಮಾತು ಹೇಳ್ಬಹುದಿತ್ತಲ್ಲ?"

ಪರಮೇಶ್ವರಿ ಗಂಡನ ಮುಖವನ್ನು ನೋಡಿದರು. ಅವರ ನೋಟದಲ್ಲಿ ಪ್ರೀತಿಯೇ ಇತ್ತು.

"ಹೇಳಿದ್ರೆ ನೀವೂ ಬರ್ತಿದ್ರಿ."